ಅಪ್ಪನ ಕಡೆಯ ಕ್ಯಾನ್ಸರ್ ಲೆಕ್ಕಕ್ಕೆ ಬರುತ್ತಾ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಆಳಂದ ತಾಲೂಕಿನ ಹಳ್ಳಿಯವಳು. ನಮ್ಮ ಸೋದರತ್ತೆಗೆ, ಅಂದರೆ ಅಪ್ಪನ ತಂಗಿಗೆ, 41ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು. ಸೊಲ್ಲಾಪುರದಲ್ಲಿ ಆಪರೇಷನ್ ಆಯಿತು. ಈಗ 58, ಆರಾಮಾಗಿದ್ದಾರೆ. ನಾನು ಮದುವೆಯಾಗಿರುವುದು ಅವರ ಮಗನನ್ನೇ, ಹಾಗಾಗಿ ಅವರೇ ನನ್ನ ಅತ್ತೆ. ಅಪ್ಪನ ತಾಯಿ ನಾನು ಹುಟ್ಟುವ ಮೊದಲೇ ತೀರಿಕೊಂಡರು. ಹೊಟ್ಟೆಯಲ್ಲಿ ನೀರು ತುಂಬಿ ಹೋದರು ಅಂತಾರೆ, ಆಗ 50 ಕೂಡ ಆಗಿರಲಿಲ್ಲವಂತೆ. ಹೋದ ವರ್ಷ ನಮ್ಮ ದೊಡ್ಡವ್ವನಿಗೆ, ಅವ್ವನ ಅಕ್ಕನಿಗೆ, 67ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂತು. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ತಾಯಿ ಕಡೆಯದು ಮಾತ್ರ ಮಕ್ಕಳಿಗೆ ಬರುತ್ತದೆ, ನಿನ್ನ ಅವ್ವನಿಗೆ ಏನೂ ಇಲ್ಲವಲ್ಲ, ಸುಮ್ನಿರು ಅಂತ ಕೆಲವರು ಹೇಳುತ್ತಾರೆ. ರಕ್ತ ಪರೀಕ್ಷೆ ಮಾಡಿಸು ಅಂತ ಇನ್ನು ಕೆಲವರು. ನನಗೆ 9 ವರ್ಷದ ಮಗಳಿದ್ದಾಳೆ. 27 ವರ್ಷದ ತಂಗಿಗೆ ಗಂಡು ನೋಡುತ್ತಿದ್ದೇವೆ, ಈಗ ಈ ಮಾತು ಎತ್ತಲೇಬೇಡ ಅಂತ ಮನೆಯಲ್ಲಿ ಹೇಳಿದ್ದಾರೆ. ನಾನು ಏನು ಮಾಡಬೇಕು?

ಉತ್ತರ: ತಂಗಿ, ನಿಮ್ಮ ನಿದ್ದೆ ಕೆಡಿಸಿದ್ದು ದೊಡ್ಡವ್ವನ ಕಾಯಿಲೆ. ಆದರೆ ನಿಮ್ಮ ಪತ್ರ ಓದುತ್ತಾ ನಾನು ಪೆನ್ನಿನಿಂದ ಗೆರೆ ಎಳೆದದ್ದು ಅತ್ತೆಯ ವಯಸ್ಸಿನ ಕೆಳಗೆ, ಆಮೇಲೆ ಅಪ್ಪನ ತಾಯಿಯ ವಿಷಯದ ಕೆಳಗೆ. ನಿಮ್ಮ ಮನೆತನದಲ್ಲಿ ವಿಚಾರಿಸಬೇಕಾದದ್ದು ಅಪ್ಪನ ಕಡೆ. ಮೊದಲು ಪರೀಕ್ಷೆ ಆಗಬೇಕಾದವರು ನಿಮ್ಮ ಅತ್ತೆ. ನಿಮ್ಮ ಸರದಿ ಆಮೇಲೆ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ.

ತಾಯಿ ಕಡೆಯದು ಮಾತ್ರ ಬರುತ್ತದೆ ಅನ್ನುವ ಮಾತು ತಪ್ಪು. ಓದಿದವರ ಬಾಯಲ್ಲೂ ಇದನ್ನು ಕೇಳಿದ್ದೇನೆ. ಸ್ತನ ಹೆಂಗಸರ ಅಂಗ, ಹಾಗಾಗಿ ಕಾಯಿಲೆಯೂ ಹೆಂಗಸರ ಸಾಲಿನಲ್ಲೇ ಇಳಿದು ಬರಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಸ್ತನ ಕ್ಯಾನ್ಸರ್ ವಂಶದಲ್ಲಿ ಹರಿದು ಬರುವುದಕ್ಕೆ ಮುಖ್ಯ ಕಾರಣ ಬಿಆರ್‌ಸಿಎ1, ಬಿಆರ್‌ಸಿಎ2 ಅನ್ನುವ ಎರಡು ಜೀನ್‌ಗಳಲ್ಲಿ, ಅಂದರೆ ತಂದೆ ತಾಯಿಯಿಂದ ಮಕ್ಕಳಿಗೆ ದಾಟುವ ವಂಶವಾಹಿಗಳಲ್ಲಿ, ಇರುವ ದೋಷ. ವಿಜ್ಞಾನಿಗಳು ಮೊದಲನೆಯದನ್ನು 1994ರಲ್ಲಿ, ಎರಡನೆಯದನ್ನು 1995ರಲ್ಲಿ ಗುರುತಿಸಿದರು. ಜೀನ್‌ಗಳನ್ನು ಹೊತ್ತ ಎಳೆಗಳಿಗೆ ಕ್ರೋಮೋಸೋಮ್ ಅನ್ನುತ್ತಾರೆ. ಒಂದು 17ನೇ ಕ್ರೋಮೋಸೋಮ್ ಮೇಲಿದೆ, ಇನ್ನೊಂದು 13ನೆಯದರ ಮೇಲೆ. ಈ ಎರಡು ಕ್ರೋಮೋಸೋಮ್‌ಗಳೂ ಗಂಡಸರಲ್ಲಿ ಇವೆ, ಹೆಂಗಸರಲ್ಲೂ ಇವೆ. ಪ್ರತಿಯೊಬ್ಬರಿಗೂ ಈ ಜೀನ್‌ಗಳ ಒಂದು ಪ್ರತಿ ಅಪ್ಪನಿಂದ, ಒಂದು ಪ್ರತಿ ಅವ್ವನಿಂದ ಬರುತ್ತದೆ.

ಜೀವಕೋಶದಲ್ಲಿ ಡಿಎನ್‌ಎ ದಿನಾ ಅಷ್ಟಿಷ್ಟು ಹಾಳಾಗುತ್ತಲೇ ಇರುತ್ತದೆ. ಅದನ್ನು ಸರಿಪಡಿಸುವ ಕೆಲಸ ಈ ಜೀನ್‌ಗಳದ್ದು. ಒಂದು ಪ್ರತಿಯಲ್ಲಿ ಹುಟ್ಟಿನಿಂದಲೇ ದೋಷ ಇದ್ದರೆ ಉಳಿದ ಒಂದೇ ಪ್ರತಿ ಆ ಕೆಲಸ ನಿಭಾಯಿಸಬೇಕು. ಯಾವುದೋ ಒಂದು ಕೋಶದಲ್ಲಿ ಅದೂ ಕೈಕೊಟ್ಟರೆ ಅಲ್ಲಿಂದ ಕ್ಯಾನ್ಸರ್ ಬೆಳೆಯುವ ದಾರಿ ತೆರೆಯುತ್ತದೆ. ದೋಷವಿರುವ ಜೀನ್ ಇಟ್ಟುಕೊಂಡ ಗಂಡಸು ಜೀವನಪೂರ್ತಿ ಗಟ್ಟಿಮುಟ್ಟಾಗಿ ಇದ್ದುಬಿಡಬಹುದು. ಆದರೆ ಅದನ್ನು ಮಗಳಿಗೆ ಕೊಟ್ಟಿರುತ್ತಾನೆ. ಆಗ ಕಾಯಿಲೆ ಒಂದು ತಲೆಮಾರು ಹಾರಿ ಬಂದ ಹಾಗೆ ಕಾಣುತ್ತದೆ. ನಿಮ್ಮಪ್ಪನಿಗೆ ಏನೂ ಆಗಿಲ್ಲ ಅನ್ನುವುದು ಸಂತೋಷದ ವಿಷಯ, ಆದರೆ ಅಷ್ಟರಿಂದಲೇ ಅವರ ಕಡೆ ಏನೂ ಇಲ್ಲ ಅಂತ ಹೇಳಲು ಬರುವುದಿಲ್ಲ.

ಇನ್ನು ದೊಡ್ಡವ್ವನ ವಿಷಯ. ನಮ್ಮ ದೇಶದಲ್ಲಿ ಸುಮಾರು 28–30 ಹೆಂಗಸರಲ್ಲಿ ಒಬ್ಬರಿಗೆ ಬದುಕಿನ ಯಾವುದಾದರೂ ಹಂತದಲ್ಲಿ ಸ್ತನ ಕ್ಯಾನ್ಸರ್ ಬರುತ್ತದೆ. ದೊಡ್ಡ ಬಳಗದಲ್ಲಿ ವಯಸ್ಸಾದ ಒಬ್ಬರಿಗೆ ಬಂದರೆ ಅದು ವಂಶದ್ದೇ ಅಂತ ಹೇಳಲಾಗದು. 100 ಸ್ತನ ಕ್ಯಾನ್ಸರ್‌ಗಳಲ್ಲಿ ಹುಟ್ಟಿನಿಂದ ಬಂದ ಜೀನ್ ದೋಷದಿಂದ ಆಗುವುದು 5ರಿಂದ 10 ಮಾತ್ರ. ಉಳಿದವು ವಯಸ್ಸು, ಹಾರ್ಮೋನು, ತೂಕ ಹೀಗೆ ಹತ್ತಾರು ಕಾರಣ ಸೇರಿ ಬರುವಂಥವು. ಮನೆಯಲ್ಲಿ ಯಾರಿಗೂ ಇಲ್ಲ, ನನಗೆ ಹೇಗೆ ಬಂತು ಅಂತ ಕೇಳುವ ಹೆಂಗಸರೇ ನಮ್ಮ ಒಪಿಡಿಯಲ್ಲಿ ಜಾಸ್ತಿ. 67ನೇ ವಯಸ್ಸಿನಲ್ಲಿ ಒಬ್ಬ ದೊಡ್ಡವ್ವನಿಗೆ ಬಂದದ್ದು ನಿಮ್ಮ ಅಪಾಯವನ್ನು ಹೆಚ್ಚಿಸುವುದು ಸ್ವಲ್ಪವೇ. ಆದರೆ ನಿಮ್ಮ ಅವ್ವ ಅವರ ಒಡಹುಟ್ಟಿದ ತಂಗಿ. ತಾಯಿ, ಅಕ್ಕತಂಗಿ, ಮಗಳು, ಇವರಲ್ಲಿ ಒಬ್ಬರಿಗೆ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು, ಇಬ್ಬರಿಗೆ ಬಂದಿದ್ದರೆ ಸುಮಾರು ಮೂರು ಪಟ್ಟು ಆಗುತ್ತದೆ. ಎರಡು ಪಟ್ಟು ಅಂದಕೂಡಲೇ ಎದೆ ಒಡೆದುಕೊಳ್ಳಬೇಡಿ. 30ರಲ್ಲಿ ಒಬ್ಬರ ಬದಲು 30ರಲ್ಲಿ ಇಬ್ಬರು ಅಂತ ಅದರ ಅರ್ಥ, ಉಳಿದ 28 ಜನಕ್ಕೆ ಬರುವುದಿಲ್ಲ. ಅವ್ವನಿಗೆ ಒಂದು ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಿ, ಆಮೇಲೆ ಎಷ್ಟು ದಿನಕ್ಕೊಮ್ಮೆ ಅಂತ ಡಾಕ್ಟರ್ ಹೇಳಿದ ಹಾಗೆ ಮುಂದುವರಿಸಿ. ದೊಡ್ಡವ್ವನ ವಿಷಯದಲ್ಲಿ ನೀವು ಮಾಡಬೇಕಾದದ್ದು ಇಷ್ಟೇ.

ಅತ್ತೆಯ ವಿಷಯ ಬೇರೆ. 41ನೇ ವಯಸ್ಸು ಸಣ್ಣ ವಯಸ್ಸು. ವಂಶದಿಂದ ಬರುವ ಕ್ಯಾನ್ಸರ್ ಬೇಗ ಬರುತ್ತದೆ, ಸಾಮಾನ್ಯವಾಗಿ 50ರ ಒಳಗೆ. ನಮ್ಮ ಕಡೆ ಹೆಂಗಸರಿಗೆ ಪಶ್ಚಿಮದ ದೇಶಗಳಿಗಿಂತ ಹತ್ತು ವರ್ಷ ಮೊದಲೇ ಬರುವುದುಂಟು, ಹಾಗಾಗಿ ವಯಸ್ಸೊಂದನ್ನೇ ಹಿಡಿದು ತೀರ್ಮಾನ ಮಾಡುವುದಿಲ್ಲ. ಆದರೆ ಆ 41ರ ಪಕ್ಕದಲ್ಲಿ ನಿಮ್ಮಜ್ಜಿಯ ಹೊಟ್ಟೆಯ ನೀರನ್ನು ಇಟ್ಟು ನೋಡಿದರೆ ಚಿತ್ರ ಬದಲಾಗುತ್ತದೆ.

ಈ ಹೊಟ್ಟೆಯ ನೀರಿನ ಬಗ್ಗೆ ಎಲ್ಲ ಓದುಗರಿಗೂ ಹೇಳಬೇಕು. ಮನೆತನದಲ್ಲಿ ಕ್ಯಾನ್ಸರ್ ಇದೆಯಾ ಅಂತ ಕೇಳಿದರೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮುಕ್ಕಾಲು ಜನ ಇಲ್ಲ ಅಂತಲೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. 30–40 ವರ್ಷದ ಹಿಂದೆ ಹಳ್ಳಿಯಲ್ಲಿ ಹೋದವರ ಕಾಯಿಲೆಗೆ ಹೆಸರೇ ಇರಲಿಲ್ಲ. ಹಾಗಾಗಿ ನಾನು ಕ್ಯಾನ್ಸರ್ ಅನ್ನುವ ಪದ ಬಿಟ್ಟು ಬೇರೆ ರೀತಿ ಕೇಳುತ್ತೇನೆ. ಅಜ್ಜಿ ಹೇಗೆ ಹೋದರು? ಎಷ್ಟು ದಿನ ಹಾಸಿಗೆ ಹಿಡಿದಿದ್ದರು? ಎದೆಯ ಮೇಲೆ ವಾಸಿಯಾಗದ ಹುಣ್ಣು ಇತ್ತಾ? ಹೊಟ್ಟೆ ಉಬ್ಬಿ, ಕೈಕಾಲು ಸಣ್ಣಗಾಗಿತ್ತಾ? ಕಾಮಾಲೆ ಆಗಿ, ಔಷಧಿ ಹಾಕಿಸಿದರೂ ಇಳಿಯದೆ ಹೋದರಾ? ಆಗ ಒಂದೊಂದೇ ಹೊರಗೆ ಬರುತ್ತದೆ.

ಹೊಟ್ಟೆಯಲ್ಲಿ ನೀರು ತುಂಬುವುದಕ್ಕೆ ಲಿವರ್ ಕೆಡುವುದು, ಕ್ಷಯ, ಹೃದಯದ ತೊಂದರೆ, ಹೀಗೆ ಬೇರೆ ಕಾರಣಗಳೂ ಇವೆ. ಆದರೆ 50ರ ಒಳಗಿನ ಹೆಂಗಸು, ಮಗಳಿಗೆ 41ಕ್ಕೆ ಸ್ತನ ಕ್ಯಾನ್ಸರ್ ಅಂದರೆ ಅಂಡಾಶಯದ ಕ್ಯಾನ್ಸರ್ ಇದ್ದಿರಬಹುದಾ ಅಂತ ಕೇಳಲೇಬೇಕು. ಸ್ತನ ಮತ್ತು ಅಂಡಾಶಯ, ಎರಡಕ್ಕೂ ಅಪಾಯ ತರುವುದು ಇದೇ ಬಿಆರ್‌ಸಿಎ ಜೀನ್‌ಗಳು. ಇಂಥ ಜೀನ್ ದೋಷ ಇರುವ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಒಂದು ದೊಡ್ಡ ಅಧ್ಯಯನ 2017ರಲ್ಲಿ ಬಂತು. ಅದರ ಪ್ರಕಾರ 80 ವರ್ಷ ತುಂಬುವ ಹೊತ್ತಿಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಬಿಆರ್‌ಸಿಎ1 ದೋಷ ಇದ್ದವರಿಗೆ 100ಕ್ಕೆ 72, ಬಿಆರ್‌ಸಿಎ2 ದೋಷ ಇದ್ದವರಿಗೆ 100ಕ್ಕೆ 69. ಅಂಡಾಶಯದ ಕ್ಯಾನ್ಸರ್‌ಗೆ 44 ಮತ್ತು 17. ಸಾಮಾನ್ಯ ಹೆಂಗಸರಲ್ಲಿ ಅಂಡಾಶಯದ್ದು 100ಕ್ಕೆ ಒಬ್ಬರಿಗೆ ಬಂದರೆ ಹೆಚ್ಚು. ಆ ಅಧ್ಯಯನದಲ್ಲಿ ಇದ್ದವರು ಬಹುಪಾಲು ಪಶ್ಚಿಮದ ದೇಶಗಳವರು, ಹಾಗಾಗಿ ಈ ಅಂಕಿಗಳನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

ಕಲಬುರಗಿ ಜಿಲ್ಲೆಯಲ್ಲಿ ಇನ್ನೊಂದು ಪ್ರಶ್ನೆಯನ್ನು ಕೇಳದೆ ನಾನು ಬಿಡುವುದಿಲ್ಲ. ಮನೆಯ ಹೆಂಗಸರಲ್ಲಿ ಯಾರ್ಯಾರ ಗರ್ಭಚೀಲ ತೆಗೆಸಿದ್ದೀರಿ? ಅಗತ್ಯವೇ ಇಲ್ಲದೆ, 30–35ರ ಹೆಂಗಸರ ಗರ್ಭಚೀಲ ತೆಗೆದ ದೂರುಗಳು ಈ ಜಿಲ್ಲೆಯಲ್ಲಿ ಎಷ್ಟು ಬಂದವು, ತಾಂಡಾಗಳ ಹೆಂಗಸರು ಹೇಗೆ ಬೀದಿಗಿಳಿದು ಕೇಳಿದರು ಅನ್ನುವುದು ನಿಮಗೆ ಗೊತ್ತೇ ಇದೆ. ಆ ಅನ್ಯಾಯದ ನೋವು ಇನ್ನೂ ಆರಿಲ್ಲ. ನಮ್ಮ ವಿಷಯಕ್ಕೂ ಅದು ತಾಗುತ್ತದೆ. ಗರ್ಭಚೀಲದ ಜೊತೆ ಅಂಡಾಶಯಗಳನ್ನೂ ತೆಗೆದುಬಿಟ್ಟಿದ್ದರೆ ಆ ಹೆಂಗಸಿಗೆ ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ತೀರಾ ಕಡಿಮೆ. ಹಾರ್ಮೋನು ನಿಂತುಹೋಗುವುದರಿಂದ ಸ್ತನ ಕ್ಯಾನ್ಸರ್ ಅಪಾಯವೂ ಇಳಿಯುತ್ತದೆ. ಅಂದರೆ ಜೀನ್ ದೋಷ ಇರುವ ಮನೆಯೂ ಮೇಲ್ನೋಟಕ್ಕೆ ಏನೂ ಇಲ್ಲದ ಮನೆಯ ಹಾಗೆ ಕಾಣಬಹುದು. ಬರೀ ಚೀಲ ತೆಗೆದರಾ, ಅಂಡಾಶಯವನ್ನೂ ತೆಗೆದರಾ ಅಂತ ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ, ಯಾರೂ ಅವರಿಗೆ ಹೇಳಿರುವುದೂ ಇಲ್ಲ. ಡಿಸ್ಚಾರ್ಜ್ ಕಾರ್ಡ್ ಇದ್ದರೆ ಅದರಲ್ಲಿ ಬರೆದಿರುತ್ತದೆ. ಇಲ್ಲದಿದ್ದರೆ ಕೆಲವರಲ್ಲಿ ಸೋನೋಗ್ರಫಿಯಲ್ಲಿ ತಿಳಿಯುತ್ತದೆ.

ಈಗ ನಿಮ್ಮ ಮನೆಯ ಲೆಕ್ಕ. ಡಾಕ್ಟರ ಫಾರಂನಲ್ಲಿ ತಾಯಿ ಕಡೆ, ತಂದೆ ಕಡೆ ಅಂತ ಎರಡೇ ಕಾಲಂ ಇರುತ್ತವೆ. ನಮ್ಮಲ್ಲಿ ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿ ಇರುವುದರಿಂದ ಆ ಎರಡು ಕಾಲಂ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಗಂಡನ ತಾಯಿಗೆ ಬಂದದ್ದು ನನಗೇನೂ ಸಂಬಂಧವಿಲ್ಲ ಅಂತ ಬೇರೆ ಸೊಸೆ ಹೇಳಬಹುದು, ನಿಮಗೆ ಹಾಗೆ ಹೇಳಲು ಆಗದು.

ಅತ್ತೆಯಲ್ಲಿ ಜೀನ್ ದೋಷ ಇದೆ, ಅದು ಅಜ್ಜ ಅಜ್ಜಿಯರಲ್ಲಿ ಒಬ್ಬರಿಂದ ಬಂದಿದೆ ಅಂತ ಇಟ್ಟುಕೊಳ್ಳೋಣ. ಪ್ರತಿ ಮಗುವಿಗೂ ದಾಟುವ ಸಂಭವ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ ಹಾಗೆ. ಹಾಗಾಗಿ ನಿಮ್ಮಪ್ಪನಲ್ಲಿ ಇರುವ ಸಂಭವ 100ಕ್ಕೆ 50. ನಿಮ್ಮಲ್ಲಿ, ನಿಮ್ಮ ತಂಗಿಯಲ್ಲಿ 25. ನಿಮ್ಮ ಯಜಮಾನರು ಅತ್ತೆಯ ಮಗನಾದ್ದರಿಂದ ಅವರಲ್ಲಿ 50. ನಿಮ್ಮ ಮಗಳಿಗೆ ಎರಡು ದಾರಿ. ಅಪ್ಪನಿಂದ ಬರುವ ಸಂಭವ 25, ನಿಮ್ಮಿಂದ ಬರುವ ಸಂಭವ 12.5. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ 100ಕ್ಕೆ ಸುಮಾರು 34. ಅಂದರೆ ನಿಮ್ಮ ಸಂಭವಕ್ಕಿಂತ ಮಗಳದ್ದೇ ಸ್ವಲ್ಪ ಜಾಸ್ತಿ. ಇದು ದೋಷವಿರುವ ಜೀನ್ ದಾಟುವ ಲೆಕ್ಕ, ಕ್ಯಾನ್ಸರ್ ಬರುವ ಲೆಕ್ಕ ಅಲ್ಲ. ಅದೂ ಅತ್ತೆಯಲ್ಲಿ ದೋಷ ಇದ್ದರೆ ಮಾತ್ರ. ಮನೆಯಲ್ಲೇ ಮದುವೆ ಮಾಡಿಕೊಂಡದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಹೊರಗಿನ ಸಂಬಂಧ ತಂದಿದ್ದರೂ ಯಾವ ಮನೆಯಲ್ಲಿ ಏನಿದೆ ಅಂತ ಯಾರಿಗೆ ಗೊತ್ತಿರುತ್ತದೆ?

ಈ ಲೆಕ್ಕವೆಲ್ಲ ನಿಂತಿರುವುದು ಒಂದೇ ಉತ್ತರದ ಮೇಲೆ, ಅತ್ತೆಯಲ್ಲಿ ದೋಷ ಇದೆಯಾ ಇಲ್ಲವಾ. ಅದಕ್ಕೇ ಪರೀಕ್ಷೆ ಅವರಿಂದ ಶುರುವಾಗಬೇಕು. ಕಾಯಿಲೆ ಬಂದವರು ಬದುಕಿದ್ದಾಗ ಅವರನ್ನು ಬಿಟ್ಟು ಆರೋಗ್ಯವಾಗಿರುವ ನಿಮ್ಮ ರಕ್ತ ತೆಗೆದರೆ, ಏನೂ ಸಿಗಲಿಲ್ಲ ಅಂತ ಬರುವ ರಿಪೋರ್ಟಿಗೆ ಸರಿಯಾದ ಅರ್ಥವೇ ಇರುವುದಿಲ್ಲ. ಮನೆತನದಲ್ಲಿ ದೋಷವೇ ಇಲ್ಲವಾ, ಇದ್ದು ನಿಮಗೆ ಮಾತ್ರ ದಾಟಿಲ್ಲವಾ, ಅಥವಾ ಈ ಪರೀಕ್ಷೆಗೆ ಸಿಗದ ಬೇರೆ ಜೀನ್ ಇದೆಯಾ? ಮೂರರಲ್ಲಿ ಯಾವುದು ಅಂತ ತಿಳಿಯುವುದಿಲ್ಲ. ಅತ್ತೆಯಲ್ಲಿ ಇಂಥದೇ ದೋಷ ಅಂತ ಸಿಕ್ಕಿದರೆ ಆಮೇಲೆ ನಿಮ್ಮೆಲ್ಲರಲ್ಲಿ ಆ ಒಂದೇ ಜಾಗ ನೋಡಿದರೆ ಸಾಕು. ಖರ್ಚೂ ಕಡಿಮೆ, ಉತ್ತರವೂ ಖಚಿತ.

ಅತ್ತೆ ಒಪ್ಪುತ್ತಾರಾ? 17 ವರ್ಷದ ಹಿಂದೆ ಮುಗಿದ ಕಥೆ, ಈಗ ಮತ್ತೆ ಯಾಕೆ ಕೆದಕಬೇಕು ಅಂತ ಅವರಿಗೆ ಅನಿಸಿದರೆ ಸಹಜ. ಸೊಸೆಗಾಗಿ ಮಾಡಿಸಿ ಅಂತ ಮಾತ್ರ ಕೇಳಬೇಡಿ, ಇದರಿಂದ ಅವರಿಗೇ ಉಪಯೋಗ ಇದೆ. ಬಿಆರ್‌ಸಿಎ ದೋಷ ಇದ್ದರೆ ಅವರ ಇನ್ನೊಂದು ಸ್ತನಕ್ಕೂ, ಅಂಡಾಶಯಕ್ಕೂ ಅಪಾಯ ಉಳಿದಿರುತ್ತದೆ. 58ನೇ ವಯಸ್ಸಿನಲ್ಲಿ ಅದನ್ನು ತಿಳಿದುಕೊಂಡರೆ ಮಾಡಲು ಬೇಕಾದಷ್ಟಿದೆ. ಹೀಗೆ ಹೇಳಿ ನೋಡಿ. ಅಷ್ಟಾದರೂ ಬೇಡ ಅಂದರೆ ಒತ್ತಾಯ ಮಾಡಬೇಡಿ. ಅವರ ರಕ್ತ, ಅವರ ನಿರ್ಧಾರ. ಆಗ ನಿಮ್ಮಪ್ಪನ ಪರೀಕ್ಷೆ ಬಗ್ಗೆ ಯೋಚಿಸಬಹುದು.

ಬರುವಾಗ ಹಳೆಯ ಕಾಗದಗಳನ್ನು ತನ್ನಿ. ಎಲ್ಲರ ಮನೆಯಲ್ಲೂ ಅವು ಒಂದು ಕ್ಯಾರಿಬ್ಯಾಗಿನಲ್ಲಿ, ಅಲ್ಮೇರಾದ ಮೇಲಿನ ಖಾನೆಯಲ್ಲಿ, ಎಕ್ಸ್‌ರೇ ಫಿಲಂಗಳ ಜೊತೆ ಮಡಚಿಕೊಂಡು ಕೂತಿರುತ್ತವೆ. ಸೊಲ್ಲಾಪುರದ ಕಾಗದ ಮರಾಠಿಯಲ್ಲಿದ್ದರೂ ಅಡ್ಡಿಯಿಲ್ಲ, ನಮಗೆ ಬೇಕಾದ ಬಯಾಪ್ಸಿ ರಿಪೋರ್ಟ್, ಅಂದರೆ ಗಂಟಿನ ತುಣುಕು ತೆಗೆದು ಪರೀಕ್ಷಿಸಿದ ರಿಪೋರ್ಟ್, ಇಂಗ್ಲಿಷಿನಲ್ಲಿ ಇರುತ್ತದೆ. ಅದರಲ್ಲಿ ಕ್ಯಾನ್ಸರ್ ಯಾವ ಬಗೆಯದು ಅಂತ ತಿಳಿಸುವ ಇಆರ್, ಪಿಆರ್, ಹರ್2 ಅನ್ನುವ ಮೂರು ಸಾಲು ಹುಡುಕುತ್ತೇವೆ. ಮೂರೂ ನೆಗೆಟಿವ್ ಇದ್ದರೆ ಅದನ್ನು ಟ್ರಿಪಲ್ ನೆಗೆಟಿವ್ ಅನ್ನುತ್ತೇವೆ. ಬಿಆರ್‌ಸಿಎ1 ದೋಷ ಇರುವವರಲ್ಲಿ ಈ ಬಗೆ ಹೆಚ್ಚು, ಹಾಗಾಗಿ ಆ ಮೂರು ಸಾಲು ಅನುಮಾನವನ್ನು ಬಹಳ ಬಲಪಡಿಸಬಹುದು.

ಪರೀಕ್ಷೆಗೆ ಬೇಕಾದದ್ದು ಸ್ವಲ್ಪ ರಕ್ತ. ಇಲ್ಲೇ ತೆಗೆದು ದೊಡ್ಡ ಲ್ಯಾಬಿಗೆ ಕಳಿಸಬಹುದು, ರಿಪೋರ್ಟಿಗೆ ಮೂರು ನಾಲ್ಕು ವಾರ ಹಿಡಿಯುತ್ತದೆ. ಸಾವಿರಾರು ರೂಪಾಯಿ ಖರ್ಚಿದೆ, ಮೊದಲೇ ಕೇಳಿಕೊಳ್ಳಿ. ಬಿಆರ್‌ಸಿಎ ಎರಡನ್ನೇ ನೋಡಿಸುವ ಬದಲು ಪಿಎಎಲ್‌ಬಿ2, ಟಿಪಿ53 ಮುಂತಾದ ಜೀನ್‌ಗಳೂ ಇರುವ ಪ್ಯಾನೆಲ್ ಮಾಡಿಸುವುದು ಒಳ್ಳೆಯದು. ದುಡ್ಡಿಗಿಂತ ಮುಖ್ಯವಾದದ್ದು, ರಕ್ತ ಕೊಡುವ ಮೊದಲು ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ಪರೀಕ್ಷೆ ಯಾಕೆ, ಅದರ ಫಲಿತಾಂಶದ ಅರ್ಥವೇನು ಅಂತ ತಜ್ಞರ ಜೊತೆ ಕೂತು ಮಾತಾಡುವುದು, ಆಗಿರಬೇಕು. ಆನ್‌ಲೈನಿನಲ್ಲಿ ಕಿಟ್ ತರಿಸಿಕೊಂಡು, ಮೊಬೈಲಿಗೆ ಬಂದ ಪಿಡಿಎಫ್ ಓದಿ ಗಾಬರಿಯಾಗಿ ಬರುವವರನ್ನು ನೋಡಿದ್ದೇನೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಅತ್ತೆಯ ರಿಪೋರ್ಟ್ ಮೂರು ರೀತಿ ಬರಬಹುದು. ಏನೂ ಸಿಗಲಿಲ್ಲ ಅಂತ ಬಂದರೆ ಗೊತ್ತಿರುವ ಜೀನ್‌ಗಳ ಭಯ ಬಹುಮಟ್ಟಿಗೆ ಹೋಯಿತು, ಮಾಮೂಲಿಗಿಂತ ಸ್ವಲ್ಪ ಹೆಚ್ಚು ಎಚ್ಚರ ಸಾಕು. ಎರಡನೆಯದು, ಜೀನ್‌ನಲ್ಲಿ ಬದಲಾವಣೆ ಇದೆ, ಆದರೆ ಅದು ಕೆಡುಕಿನದಾ ಅಲ್ಲವಾ ಅಂತ ಇನ್ನೂ ತೀರ್ಮಾನವಾಗಿಲ್ಲ ಅನ್ನುವ ರಿಪೋರ್ಟ್. ಇದನ್ನು ವಿಯುಎಸ್ ಅನ್ನುತ್ತಾರೆ. ಭಾರತೀಯರಲ್ಲಿ ಇದು ಆಗಾಗ ಬರುತ್ತದೆ, ಹೋಲಿಸಿ ನೋಡಲು ನಮ್ಮ ಜನರ ಮಾಹಿತಿ ಇನ್ನೂ ಸಾಕಷ್ಟು ಸೇರಿಲ್ಲ. ಇದನ್ನು ಹಿಡಿದುಕೊಂಡು ಯಾವ ಆಪರೇಷನ್ನೂ ಮಾಡಿಸಬಾರದು. ಯಾರಾದರೂ ಮಾಡಿಸಿ ಅಂದರೆ ಎದ್ದು ಬಂದುಬಿಡಿ.

ಮೂರನೆಯದು, ದೋಷ ಇದೆ ಅನ್ನುವ ರಿಪೋರ್ಟ್. ಆಗ ನೀವು, ತಂಗಿ, ಅಪ್ಪ, ನಿಮ್ಮ ಯಜಮಾನರು ಒಬ್ಬೊಬ್ಬರಾಗಿ, ಬೇಕೆನಿಸಿದವರು ಪರೀಕ್ಷೆ ಮಾಡಿಸಿಕೊಳ್ಳಬಹುದು. ನಿಮ್ಮಲ್ಲಿ ಇಲ್ಲ ಅಂತ ಬಂದರೆ ಆ ಭಾರ ನಿಮ್ಮ ತಲೆಯಿಂದ ಇಳಿಯಿತು. ಇದೆ ಅಂತ ಬಂದರೆ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ 25ರಿಂದ, ಮ್ಯಾಮೋಗ್ರಾಮ್ 30ರಿಂದ ಅನ್ನುವುದು ಈಗಿನ ಕ್ರಮ. ಎರಡೂ ಸ್ತನ ತೆಗೆಸಿದರೆ ಅಪಾಯ 100ಕ್ಕೆ 90ರಷ್ಟು ಇಳಿಯುತ್ತದೆ, ಆದರೆ ಅದು ಅವಸರದಲ್ಲಿ ಮಾಡುವ ನಿರ್ಧಾರ ಅಲ್ಲ, ಮಾಡಿಸಲೇಬೇಕು ಅಂತಲೂ ಇಲ್ಲ. ಅಂಡಾಶಯದ ಕ್ಯಾನ್ಸರನ್ನು ಬೇಗ ಪತ್ತೆ ಮಾಡುವ ನಂಬಿಕಸ್ತ ಪರೀಕ್ಷೆ ಇಲ್ಲ. ಹಾಗಾಗಿ ಮಕ್ಕಳು ಸಾಕು ಅಂದ ಮೇಲೆ, ಬಿಆರ್‌ಸಿಎ1 ದೋಷ ಇದ್ದರೆ 35–40ರೊಳಗೆ, ಬಿಆರ್‌ಸಿಎ2 ದೋಷ ಇದ್ದರೆ 40–45ರೊಳಗೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಲು ಹೇಳುತ್ತೇವೆ. ಇದಕ್ಕೂ, ಬಿಳಿ ಹೋಗುತ್ತದೆ ಅಂತ ಬಂದವರ ಗರ್ಭಚೀಲ ತೆಗೆದದ್ದಕ್ಕೂ ಹೋಲಿಕೆ ಬೇಡ. ಇಲ್ಲಿ ಕಾಗದದ ಮೇಲೆ ಕಾರಣ ಇದೆ.

ಗಂಡಸರು ಇದರಿಂದ ಹೊರಗಿಲ್ಲ. ಸ್ತನ ಕ್ಯಾನ್ಸರ್ 100ರಲ್ಲಿ ಒಂದು ಗಂಡಸರಿಗೇ ಬರುತ್ತದೆ. ಬಿಆರ್‌ಸಿಎ2 ದೋಷ ಇದ್ದವರಲ್ಲಿ ಆ ಸಂಭವ ಹೆಚ್ಚು, ಪ್ರಾಸ್ಟೇಟ್ ಕ್ಯಾನ್ಸರ್ ಅಪಾಯವೂ ಹೆಚ್ಚು. ಕಾಕಾ, ದೊಡ್ಡಪ್ಪ ಯಾರಾದರೂ ಎದೆಯ ಮೇಲೆ ಗಂಟು ಇದೆ ಅಂದರೆ ನಗಬೇಡಿ.

ಅತ್ತೆಯ ರಿಪೋರ್ಟ್ ಬರುವವರೆಗೆ ನೀವು ಸುಮ್ಮನೆ ಕೂರಬೇಕಿಲ್ಲ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತಿಳಿದ ಡಾಕ್ಟರ ಕೈಯಲ್ಲಿ ಸ್ತನ ಪರೀಕ್ಷೆ ಮಾಡಿಸಿಕೊಳ್ಳಿ. 30 ದಾಟಿದ ಹೆಂಗಸರಿಗೆ ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲೂ ಈ ತಪಾಸಣೆ ಉಚಿತ. ಕೈಯಲ್ಲಿ ಮುಟ್ಟಿ ನೋಡುವುದರಿಂದ ಏನಾಗುತ್ತೆ ಅನ್ನಬೇಡಿ. ಮುಂಬೈಯಲ್ಲಿ 1998ರಿಂದ ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿ 20 ವರ್ಷ ನಡೆಸಿದ ಅಧ್ಯಯನದಲ್ಲಿ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಹೀಗೆ ಕೈಯಿಂದಲೇ ನೋಡಿದರು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು 100ಕ್ಕೆ 30ರಷ್ಟು ಇಳಿಯಿತು. ಅತ್ತೆಯ ಪರೀಕ್ಷೆ ಆಗುವುದೇ ಇಲ್ಲ ಅಂತಾದರೆ ನಿಮ್ಮ ಮನೆತನ ನೋಡಿ ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್ ಈಗಿನಿಂದಲೇ ಶುರು ಮಾಡಿ ಅಂತಲೇ ನಾನು ಹೇಳುವುದು. ನಿಮ್ಮ ವಯಸ್ಸಿನಲ್ಲಿ ಸ್ತನ ಗಟ್ಟಿಯಾಗಿರುವುದರಿಂದ ಜೊತೆಗೆ ಸೋನೋಗ್ರಫಿಯೂ ಬೇಕಾಗಬಹುದು.

ಗಂಟು, ಚರ್ಮ ಒಳಗೆ ಎಳೆದುಕೊಳ್ಳುವುದು, ತೊಟ್ಟು ಒಳಕ್ಕೆ ಹೋಗುವುದು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಯಾವುದು ಕಂಡರೂ ಆ ವಾರವೇ ತೋರಿಸಿ. ನೋವಿಲ್ಲ ಅಂತ ಬಿಡಬೇಡಿ, ಕ್ಯಾನ್ಸರ್ ಗಂಟು ಬಹಳ ಸಲ ನೋಯುವುದೇ ಇಲ್ಲ. ತೊಗರಿ ರಾಶಿ ಮುಗಿಯಲಿ, ಶರಣಬಸವೇಶ್ವರ ಜಾತ್ರೆ ಆಗಲಿ ಅಂತ ತಿಂಗಳುಗಟ್ಟಲೆ ತಡೆದವರ ಗಂಟು ಅಷ್ಟರಲ್ಲಿ ಕಂಕುಳಿಗೆ ಇಳಿದಿರುತ್ತದೆ. ಪರೀಕ್ಷೆಗೆ ಗಂಟಿಗೆ ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವುದೂ ಸುಳ್ಳು. ತೂಕ ಹತೋಟಿಯಲ್ಲಿರಲಿ, ನಡೆಯಿರಿ. ಮಕ್ಕಳಿಗೆ ಹಾಲೂಡಿಸಿದ್ದು ಕೂಡ ನಿಮ್ಮ ಪಾಲಿಗೆ ಲಾಭವೇ. ಆದರೆ ಜೀನ್ ದೋಷ ಇದ್ದರೆ ಇವಿಷ್ಟರಿಂದ ಅಪಾಯ ಹೋಗುವುದಿಲ್ಲ.

ತಂಗಿಯ ವಿಷಯಕ್ಕೆ ಬರುತ್ತೇನೆ. ಗಂಡಿನ ಕಡೆಯವರಿಗೆ ಹೇಳಬೇಕಾ, ಯಾವಾಗ ಹೇಳಬೇಕು ಅನ್ನುವುದು ಅವಳು ತೀರ್ಮಾನಿಸಬೇಕಾದ ವಿಷಯ. ಮದುವೆಗೆ ಮುಂಚೆ ಪರೀಕ್ಷೆ ಮಾಡಿಸಲೇಬೇಕು ಅಂತೇನಿಲ್ಲ. ಆದರೆ ಅವಳಿಂದಲೇ ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ. 27 ವರ್ಷದ ಹೆಣ್ಣುಮಗಳು, ಅವಳ ದೇಹದ ವಿಷಯ. ಅತ್ತೆಯಲ್ಲಿ ದೋಷ ಸಿಕ್ಕಿದರೆ ಅವಳ ತಪಾಸಣೆ ಶುರುವಾಗುವ ವಯಸ್ಸು ಇದೇ. ಮನೆಯವರು ಬೇಡ ಅಂದರೂ ಅವಳೊಬ್ಬಳನ್ನೇ ಕೂರಿಸಿಕೊಂಡು ಹೇಳಿ. ಪರೀಕ್ಷೆ ಮಾಡಿಸಿದರೆ ರಿಪೋರ್ಟನ್ನು ಅವಳ ಕೈಗೆ ಮಾತ್ರ ಕೊಡಬೇಕು ಅಂತ ಡಾಕ್ಟರಿಗೆ ಹೇಳಬಹುದು.

ಮಗಳಿಗೆ ಈಗ ಯಾವ ಪರೀಕ್ಷೆಯೂ ಬೇಡ. ಈ ಜೀನ್‌ಗಳಿಂದ 9ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬರುವುದಿಲ್ಲ, ತಪಾಸಣೆ ಶುರುವಾಗುವುದೂ 25ರ ಹೊತ್ತಿಗೆ. 18 ತುಂಬಿದ ಮೇಲೆ ಬೇಕಾ ಬೇಡವಾ ಅಂತ ಅವಳೇ ಹೇಳಲಿ. ಅವಳೆದುರು ಈ ಲೆಕ್ಕಗಳನ್ನು ಆಡಬೇಡಿ.

ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಇದೆ, ಮೊದಲು ಅಲ್ಲಿ ತೋರಿಸಿ. ಜೆನೆಟಿಕ್ ಕೌನ್ಸೆಲಿಂಗ್‌ಗೆ ಬೆಂಗಳೂರು ಅಥವಾ ಹೈದರಾಬಾದಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಡಿ ಅಂತ ಕೇಳಿ. ಹೋಗುವ ಮುಂಚೆ ಒಂದು ಹಾಳೆಯಲ್ಲಿ ಮೂರು ತಲೆಮಾರು ಬರೆದುಕೊಳ್ಳಿ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ಪಕ್ಕದಲ್ಲಿ ಯಾವ ಕಾಯಿಲೆ, ಎಷ್ಟನೇ ವಯಸ್ಸು. ಮನೆಯಲ್ಲೇ ಆದ ಮದುವೆಗಳಿಗೆ ಎರಡು ಗೆರೆ ಎಳೆಯಿರಿ. ಅತ್ತೆಯ ಜೊತೆ ಅಪ್ಪನನ್ನೂ ಕರೆದುಕೊಂಡು ಹೋಗಿ. ಅಜ್ಜಿಯ ಕಾಯಿಲೆ ಹೇಗೆ ಶುರುವಾಯಿತು, ಎಷ್ಟು ತಿಂಗಳು ನಡೆಯಿತು ಅಂತ ಡಾಕ್ಟರ್ ಕೇಳಿದಾಗ ಉತ್ತರ ಹೇಳಬೇಕಾದವರು ಆ ಇಬ್ಬರು.